ಬೆಸುಗೆಯ ಬಿರುಕು, ಗಲ್ಲಾದ ಲೆಕ್ಕ

1994ರ ಜನವರಿ 17ರ ನಸುಕಿನ 4.31ಕ್ಕೆ ಲಾಸ್ ಏಂಜಲೀಸ್‌ನ ನಾರ್ತ್‌ರಿಜ್ ನಡುಗಿತು. 6.7 ತೀವ್ರತೆಯ ಆ ಭೂಕಂಪಕ್ಕೆ ಮನೆಗಳು, ಹೆದ್ದಾರಿ ಸೇತುವೆಗಳು ಕುಸಿದವು. ಉಕ್ಕಿನ ಚೌಕಟ್ಟಿನ ಕಟ್ಟಡಗಳು ಮಾತ್ರ ನೆಟ್ಟಗೆ ನಿಂತಿದ್ದವು. ಉಕ್ಕು ತಡೆದುಕೊಂಡಿತೆಂದು ಎಂಜಿನಿಯರುಗಳೂ ಮೊದಲಿಗೆ ಸಮಾಧಾನಪಟ್ಟರು. ಆಮೇಲೆ ಹೊದಿಕೆ ಬಿಚ್ಚಿ ನೋಡಿದರೆ, ನೂರಕ್ಕೂ ಹೆಚ್ಚು ಕಟ್ಟಡಗಳಲ್ಲಿ ತೊಲೆ ಕಂಬಕ್ಕೆ ಕೂಡುವ ಜಾಗದ ಬೆಸುಗೆಗಳೇ ಸೀಳಿದ್ದವು.

ಸಣ್ಣ ವ್ಯಾಪಾರವೂ ಹೀಗೆಯೇ ಬೀಳುತ್ತದೆ. ದಿನದ ಗಲ್ಲಾ ಎಂಬುದು ಕಟ್ಟಡದ ಮುಂಭಾಗವಿದ್ದಂತೆ, ಎಲ್ಲರಿಗೂ ಕಾಣುತ್ತದೆ. ಬೆಸುಗೆ ಇರುವುದು ಬೇರೆಡೆ.

ನಾರ್ತ್‌ರಿಜ್‌ನ ರೆಸೀಡಾ ಬುಲೆವಾರ್ಡಿನಲ್ಲಿ ಕನ್ನಡ ಕುಟುಂಬವೊಂದು ಟಿಫನ್ ಹೋಟೆಲ್ ತೆರೆದಿದೆ ಎಂದುಕೊಳ್ಳೋಣ. ತಿಂಗಳಿಗೆ 40,000 ಡಾಲರ್ ವ್ಯಾಪಾರ. ಅದರಲ್ಲಿ 10,000 ಡಾಲರ್ ಕಚೇರಿಗಳಿಗೆ ಕಳಿಸುವ ಊಟದ್ದು, ಆ ಹಣ ಕೈಸೇರುವುದು ಎರಡು ತಿಂಗಳ ಮೇಲೆ. ದಿನಸಿ, ಸಂಬಳ, ಬಾಡಿಗೆಗೆ ಆಯಾ ತಿಂಗಳೇ 35,000 ಕೊಡಬೇಕು. ಮೊದಲ ಎರಡು ತಿಂಗಳು ಪುಸ್ತಕದಲ್ಲಿ ತಿಂಗಳಿಗೆ 5,000 ಲಾಭ, ಕೈಯಲ್ಲಿ 5,000 ಕೊರತೆ. ಕಚೇರಿಗಳ ಆರ್ಡರು ಏರಿದಷ್ಟೂ ಈ ಕೊರತೆ ಏರುತ್ತದೆ. ಬಂಡವಾಳ ತೆಳುವಾಗಿರುವ ಅಂಗಡಿ ವ್ಯಾಪಾರ ಜೋರಾಗಿರುವಾಗಲೇ ಮುಳುಗಬಹುದು. ಇದನ್ನು ಮೊದಲೇ ಹೇಳಬಲ್ಲ ಅಂಕಿಗಳು ಕೆಲವೇ: ಉದ್ರಿ ಎಷ್ಟು ದಿನಕ್ಕೆ ವಸೂಲಾಗುತ್ತಿದೆ, ಕೈಯಲ್ಲಿರುವ ನಗದು ಎಷ್ಟು ವಾರ ಬರುತ್ತದೆ, ಒಂದು ದೋಸೆಗೆ ಹಿಟ್ಟು, ಎಣ್ಣೆ, ಕೂಲಿ ಸೇರಿ ತಗಲುವುದೆಷ್ಟು, ಕಳೆದ ತಿಂಗಳು ಬಂದ ಗಿರಾಕಿಗಳಲ್ಲಿ ಮತ್ತೆ ಬಂದವರೆಷ್ಟು. ಪಕ್ಕದಲ್ಲೇ ಸ್ಟೇಟ್ ಯೂನಿವರ್ಸಿಟಿ ಇರುವುದರಿಂದ ಈ ವಾರವನ್ನು ಹೋದ ವಾರದೊಡನೆ ಹೋಲಿಸಿದರೆ ಸಾಲದು. ರಜೆಯ ಜೂನ್ ತಿಂಗಳನ್ನು ಕಳೆದ ವರ್ಷದ ಜೂನ್ ಜೊತೆಗೇ ಇಟ್ಟು ನೋಡಬೇಕು.

ಇವನ್ನೇ ಈಗಿನ ಮಾತಿನಲ್ಲಿ ಕೆಪಿಐ, ಅಂದರೆ ಸಾಧನೆಯ ಮುಖ್ಯ ಸೂಚಕಗಳು, ಎನ್ನುತ್ತಾರೆ. ಅಂಕಿ ಬದಲಾದರೆ ನಾಳೆ ಬೆಳಿಗ್ಗೆ ಮಾಡುವ ಯಾವುದಾದರೂ ಒಂದು ಕೆಲಸ ಬದಲಾಗಬೇಕು. ಏನೂ ಬದಲಾಗದಿದ್ದರೆ ಆ ಅಂಕಿಯನ್ನು ಬರೆದಿಡುವ ಶ್ರಮವೇ ದಂಡ.

ಹಾಗಾದರೆ ಅಂಕಿಯನ್ನು ಹಿಡಿದವನು ದಾರಿ ತಪ್ಪುವುದಿಲ್ಲವೇ? ತಪ್ಪುತ್ತಾನೆ. ಅದಕ್ಕೆ ಸಾಕ್ಷಿಯೂ ಇದೇ ನಗರದಲ್ಲಿದೆ. ವೆಲ್ಸ್ ಫಾರ್ಗೊ ಬ್ಯಾಂಕ್ ಪ್ರತಿ ಗ್ರಾಹಕ ಕುಟುಂಬಕ್ಕೆ ಎಂಟು ಸೇವೆಗಳನ್ನು ಮಾರುವ ಗುರಿ ಇಟ್ಟುಕೊಂಡಿತ್ತು. ಆ ಒತ್ತಡದಲ್ಲಿ ನೌಕರರು ಗ್ರಾಹಕರಿಗೆ ತಿಳಿಯದಂತೆ ಖಾತೆ ತೆರೆಯುತ್ತಿದ್ದುದನ್ನು 2013ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಬಯಲಿಗೆಳೆಯಿತು. 2015ರಲ್ಲಿ ನಗರದ ಅಟಾರ್ನಿ ಮೊಕದ್ದಮೆ ಹೂಡಿದರು, 2016ರಲ್ಲಿ ಬ್ಯಾಂಕ್ 18.5 ಕೋಟಿ ಡಾಲರ್ ದಂಡ ತೆತ್ತಿತು. ಅನುಮತಿಯಿಲ್ಲದೆ ತೆರೆದಿರಬಹುದಾದ ಖಾತೆಗಳು 35 ಲಕ್ಷದಷ್ಟೆಂದು ಮುಂದೆ ಅಂದಾಜಾಯಿತು. ಸುಮಾರು 5,300 ನೌಕರರು ಕೆಲಸ ಕಳೆದುಕೊಂಡಿದ್ದರು. ಅಳತೆಯನ್ನೇ ಗುರಿ ಮಾಡಿದರೆ ಅಳತೆ ಕೆಡುತ್ತದೆಂಬ ಎಚ್ಚರವನ್ನು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲೇ ಕೊಟ್ಟಿದ್ದರು.

ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಕೂಡ ಸಣ್ಣ ಖಾತೆಗಳನ್ನೇ ಎಣಿಸಿ ಬೆಳೆದದ್ದು. 1928ರ ಪಿಗ್ಮಿ ಯೋಜನೆಯಲ್ಲಿ ಏಜೆಂಟರು ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಅಲ್ಲಿ ಎಣಿಕೆಗೆ ಬರುತ್ತಿದ್ದದ್ದು ಖಾತೆದಾರ ತನ್ನ ಕೈಯಾರೆ ಕೊಟ್ಟ ದುಡ್ಡು. ಅವನಿಗೆ ತಿಳಿಯದೆ ಅದು ಏರುವುದು ಕಷ್ಟವಿತ್ತು.

ಗುರಿ ಇಟ್ಟೊಡನೆ ಎಲ್ಲವೂ ಕೆಡುತ್ತದೆ ಎಂದರೆ ಅದೂ ಅತಿಯಾದೀತು. ಭೂಕಂಪದಲ್ಲಿ ಕುಸಿದ ಸಾಂಟಾ ಮೋನಿಕಾ ಹೆದ್ದಾರಿಯ ಸೇತುವೆಗಳನ್ನು ಮತ್ತೆ ಕಟ್ಟಲು ಗುತ್ತಿಗೆದಾರ ಸಿ. ಸಿ. ಮೈಯರ್ಸ್ ಸಂಸ್ಥೆಗೆ 140 ದಿನಗಳ ಗಡುವಿತ್ತು. ಬೇಗ ಮುಗಿಸಿದ ಪ್ರತಿ ದಿನಕ್ಕೆ 2 ಲಕ್ಷ ಡಾಲರ್ ಬಹುಮಾನ, ತಡವಾದರೆ ಅದಕ್ಕಿಂತ ತುಸು ಹೆಚ್ಚೇ ದಂಡ. ಕೆಲಸ 66 ದಿನಗಳಲ್ಲಿ ಮುಗಿಯಿತು, ಬಹುಮಾನ 1.48 ಕೋಟಿ ಡಾಲರ್. ಇಲ್ಲಿ ಅಂಕಿ ಸುಳ್ಳಾಗದಿರಲು ಕಾರಣಗಳಿವೆ. ಸೇತುವೆ ಸಂಚಾರಕ್ಕೆ ತೆರೆದಿದೆಯೋ ಇಲ್ಲವೋ ಎಂಬುದು ಇಡೀ ಊರಿಗೆ ಕಾಣುತ್ತದೆ. ಕಾಮಗಾರಿಯ ಗುಣವನ್ನು ಪರಿಶೀಲಿಸುತ್ತಿದ್ದವರು ರಾಜ್ಯದ ಎಂಜಿನಿಯರುಗಳು, ಬಹುಮಾನ ಪಡೆಯುವವರಲ್ಲ.

ಸಣ್ಣ ಅಂಗಡಿಯವನ ಬಲವೂ ಹೀಗೆ ಕಣ್ಣಾರೆ ಕಾಣುವುದರಲ್ಲಿದೆ. ಅಂಕಿಯನ್ನು ಬರೆಯುವವನೂ ಅದರ ಹಿಂದಿರುವ ಗಿರಾಕಿಯ ಮುಖ ನೋಡುವವನೂ ಅವನೇ. ಎಲೆಯಲ್ಲಿ ಮಿಕ್ಕ ಪಲ್ಯ, ಮಾತಾಡದೆ ಎದ್ದುಹೋದ ಹಳೆಯ ಗಿರಾಕಿ ಯಾವ ತಖ್ತೆಯಲ್ಲೂ ಇರುವುದಿಲ್ಲ. ಅವನ್ನು ಕಂಡವನಿಗೆ ಮಾತ್ರ ತಖ್ತೆ ಅರ್ಥವಾಗುತ್ತದೆ. ಎರಡನೆಯ, ಮೂರನೆಯ ಶಾಖೆ ತೆರೆದು, ಮ್ಯಾನೇಜರಿಗೆ ಅಂಕಿಯನ್ನಷ್ಟೇ ಗುರಿಯಾಗಿ ಕೊಟ್ಟು ತಾನು ದೂರ ಕೂತ ದಿನದಿಂದ ಈ ಬಲ ಸೋರುತ್ತದೆ.

1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಂಟಿಆರ್ ಹೋಟೆಲಿನ ಕಥೆಯನ್ನು ಇಲ್ಲಿ ನೆನೆಯಬೇಕು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಗಳ ಬೆಲೆಯನ್ನು ತೀರಾ ಇಳಿಸಿದಾಗ ಅದರ ಮಾಲೀಕರಾದ ಮಯ್ಯರು ಬೆಲೆ ಇಳಿಸಿದರು, ರುಚಿ ಇಳಿಸಲಿಲ್ಲ. ಆಯಾ ದಿನದ ನಷ್ಟವನ್ನು ಹೋಟೆಲಿನ ಹೊರಗೆ ಫಲಕದಲ್ಲಿ ಬರೆಸಿದರು. ಒಂದೇ ಅಂಕಿ, ದಾರಿಹೋಕರೂ ಓದುವಂತೆ. ಹಿಟ್ಟು-ತುಪ್ಪದಲ್ಲಿ ಕೈ ಬಿಗಿ ಹಿಡಿದಿದ್ದರೆ ಆ ಅಂಕಿ ತಗ್ಗುತ್ತಿತ್ತು. ಅವರು ಅದನ್ನು ತಗ್ಗಿಸಲು ಹೋಗದೆ, ಅದು ಹೇಳಿದ್ದನ್ನು ಕೇಳಿ ಹೋಟೆಲನ್ನೇ ಕೆಲಕಾಲ ಮುಚ್ಚಿದರು, ಪುಡಿ ಮತ್ತು ಮಿಕ್ಸ್‌ಗಳ ವ್ಯಾಪಾರಕ್ಕೆ ತಿರುಗಿದರು. ಲಾಸ್ ಏಂಜಲೀಸ್‌ನ ಭಾರತೀಯ ದಿನಸಿ ಅಂಗಡಿಗಳ ಕಪಾಟಿಗೆ ಇಂದು ಎಂಟಿಆರ್‌ನ ರವೆ ಇಡ್ಲಿ ಮಿಕ್ಸ್ ಬಂದು ಕೂತಿರುವುದು ಆ ತಿರುವಿನ ದಾರಿಯಲ್ಲಿ.