ಒಂದು ಹಗಲಿನ ಅತಿಥಿ ಮತ್ತು ನೆಲದ ಋಣ

ದೋಣಿಯನ್ನೇ ಮನೆ ಮಾಡಿಕೊಂಡು ವರ್ಷಗಟ್ಟಲೆ ಬಂದರಿನಿಂದ ಬಂದರಿಗೆ ಸಾಗುವವರಿಗೂ, ಪ್ರವಾಸಿ ಹಡಗುಗಳಲ್ಲಿ ವಾರಗಟ್ಟಲೆ ನೀರಿನ ಮೇಲೆಯೇ ಉಂಡು ಮಲಗುವವರಿಗೂ ನೆಲವೆಂಬುದು ಬೆಳಿಗ್ಗೆ ಇಳಿದು ಸಂಜೆಯೊಳಗೆ ಬಿಟ್ಟುಹೋಗುವ ತಾಣ. 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ ಪಣಂಬೂರಿನ ನವಮಂಗಳೂರು ಬಂದರಿಗೆ ಮಳೆಗಾಲ ಕಳೆದ ಮೇಲೆ ಇಂಥ ಹಡಗುಗಳು ಬರುತ್ತವೆ. ಅವುಗಳಿಂದ ಇಳಿದವರು ಬಸ್ಸುಗಳಲ್ಲಿ ಹೊರಟು ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೋ, 1432ರಲ್ಲಿ ನಿಂತ ಕಾರ್ಕಳದ ಗೊಮ್ಮಟನನ್ನೋ, ಕದ್ರಿ, ಕುದ್ರೋಳಿಗಳ ದೇವಸ್ಥಾನಗಳನ್ನೋ ನೋಡಿ, ಹೊತ್ತು ಮುಳುಗುವುದರೊಳಗೆ ಹಡಗು ಸೇರುತ್ತಾರೆ. ಒಂದೇ ಹಗಲು ಒಂದು ಊರಿನ ಅನ್ನ, ನೀರು, ದೇವರ ದರ್ಶನಗಳನ್ನು ಪಡೆದು, ಮತ್ತೆ ಎಂದೂ ಅತ್ತ ಮುಖ ಹಾಕದಿರಬಹುದಾದ ಇಂಥ ಅತಿಥಿಗೆ ಆ ಊರಿನ ವಿಷಯದಲ್ಲಿ ಧರ್ಮವೆಂಬುದು ಉಂಟೇ, ಉಂಟಾದರೆ ಅದರ ಸ್ವರೂಪವೇನು ಎಂಬುದು ವಿಚಾರಕ್ಕೆ ಯೋಗ್ಯವಾದ ಪ್ರಶ್ನೆ.

ಕಡಲಯಾನವನ್ನು ಧರ್ಮಶಾಸ್ತ್ರಗಳು ಮೆಚ್ಚಿದವಲ್ಲ. ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನು ಪತನೀಯಗಳಲ್ಲಿ, ಅಂದರೆ ಮನುಷ್ಯನನ್ನು ಅವನ ವರ್ಣಾಚಾರದಿಂದ ಕೆಡವುವ ದೋಷಗಳಲ್ಲಿ, ಎಣಿಸುತ್ತದೆ. ಅದಕ್ಕೆ ಪ್ರಾಯಶ್ಚಿತ್ತವಾಗಿ ನಾಲ್ಕು ಹೊತ್ತಿಗೊಮ್ಮೆ ಅಲ್ಪಾಹಾರ ಸೇವಿಸುತ್ತ, ದಿನಕ್ಕೆ ಮೂರು ಸಲ ಮೀಯುತ್ತ, ಹಗಲು ನಿಂತು ಇರುಳು ಕುಳಿತು ಮೂರು ವರ್ಷ ಕಳೆಯಬೇಕೆಂದು ವಿಧಿಸುತ್ತದೆ. ಮನುಸ್ಮೃತಿ ಸಮುದ್ರಯಾನ ಮಾಡಿದವನನ್ನು ಶ್ರಾದ್ಧದ ಪಂಕ್ತಿಯಿಂದ ಹೊರಗಿಡುತ್ತದೆ. ಕಲಿಯುಗದಲ್ಲಿ ಬಿಡಬೇಕಾದ ಆಚಾರಗಳ ಪಟ್ಟಿಯಾದ ಕಲಿವರ್ಜ್ಯದಲ್ಲಿಯೂ ಈ ನಿಷೇಧ ಸೇರಿಕೊಂಡಿತು. ಇದು ಹಳೆಯ ಗ್ರಂಥಗಳಲ್ಲೇ ಉಳಿದುಹೋದ ಮಾತಲ್ಲ. ಎರಡು ವರ್ಷಕ್ಕೊಮ್ಮೆ ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಶ್ರೀಕೃಷ್ಣಪೂಜೆಯ ಅಧಿಕಾರ ಸಲ್ಲುವ ಉಡುಪಿಯ ಪರ್ಯಾಯದಲ್ಲಿ, 2008ರಲ್ಲಿ ಪುತ್ತಿಗೆ ಮಠದ ಸರದಿ ಬಂದಾಗ, ವಿದೇಶಕ್ಕೆ ಹೋಗಿಬಂದ ಯತಿ ಮೂರ್ತಿಯನ್ನು ಮುಟ್ಟಿ ಪೂಜಿಸಬಹುದೇ ಎಂಬ ಚರ್ಚೆ ನಾಡಿನಾದ್ಯಂತ ನಡೆಯಿತು. ಈ ನಿಷೇಧದ ಹಿಂದಿನ ಆತಂಕವನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ: ಸ್ನಾನ, ಸಂಧ್ಯೆ, ಆಹಾರಶುದ್ಧಿ, ಬಂಧುಬಳಗ ಎಲ್ಲವೂ ನೆಲಕ್ಕೆ ಅಂಟಿಕೊಂಡಿದ್ದ ವ್ಯವಸ್ಥೆಯಲ್ಲಿ, ನೆಲ ಬಿಟ್ಟವನು ತನ್ನನ್ನು ಹಿಡಿದು ಕೇಳುವ ಜನರಿಂದಲೂ ದೂರವಾಗುತ್ತಿದ್ದ.

ಆದರೆ ಅದೇ ಉಡುಪಿಯ ದೇವರು ಕಡಲ ದಾರಿಯಲ್ಲಿ ಬಂದವನು. ಸಂಪ್ರದಾಯ ಹೇಳುವಂತೆ, ದ್ವಾರಕೆಯಿಂದ ಹೊರಟ ಹಡಗೊಂದು ಮಲ್ಪೆಯ ಸಮೀಪ ಅಪಾಯಕ್ಕೆ ಸಿಲುಕಿದಾಗ ತೀರದಲ್ಲಿದ್ದ ಮಧ್ವಾಚಾರ್ಯರು ತಮ್ಮ ಬಟ್ಟೆಯನ್ನು ಬೀಸಿ ಅದನ್ನು ದಡಕ್ಕೆ ತಂದರು. ಪ್ರಾಣ ಉಳಿಸಿದ್ದಕ್ಕೆ ಪ್ರತಿಯಾಗಿ ಏನು ಬೇಕಾದರೂ ಕೊಡಲು ಸಿದ್ಧನಾದ ನಾವಿಕನಿಂದ ಅವರು ಕೇಳಿ ಪಡೆದದ್ದು ಹಡಗಿನಲ್ಲಿದ್ದ ಗೋಪೀಚಂದನದ, ಅಂದರೆ ತಿಲಕಕ್ಕೆ ಬಳಸುವ ಹಳದಿ ಮಣ್ಣಿನ, ಹೆಂಟೆಯನ್ನು. ಅದರೊಳಗೆ ಕೃಷ್ಣನ ಮೂರ್ತಿಯಿತ್ತು. ಈ ಕಥೆಯಲ್ಲಿ ಆಚಾರ್ಯರ ಮಹಿಮೆಯನ್ನು ಮಾತ್ರ ಕಾಣುವುದು ರೂಢಿ. ಹೆಸರು ಕೂಡ ಉಳಿಯದ ಆ ನಾವಿಕನ ಕಡೆಯಿಂದ ನೋಡಿದರೆ ಇನ್ನೊಂದು ಅರ್ಥವೂ ತೋರುತ್ತದೆ. ಅವನು ಆ ತೀರದಲ್ಲಿ ನೆಲೆಸಲು ಬಂದವನಲ್ಲ. ಬಂದ, ರಕ್ಷಣೆ ಪಡೆದ, ಮುಂದೆ ಸಾಗಿದ. ಆದರೆ ಪಡೆದದ್ದನ್ನು ಒಪ್ಪಿಕೊಂಡು, ತೀರದವರು ಕೇಳಿದ್ದನ್ನು ಕೊಟ್ಟು ಹೋದ. ತಾನು ಕೊಡುತ್ತಿರುವುದರ ಬೆಲೆ ಅವನಿಗೆ ತಿಳಿದಿರಲಿಲ್ಲವೆಂಬುದರಿಂದ ಆ ಕೊಡುಗೆಯ ಘನತೆ ಕುಗ್ಗುವುದಿಲ್ಲ.

ಅತಿಥಿಯ ವಿಷಯದಲ್ಲಿ ಶಾಸ್ತ್ರಗಳು ಹೇಳಿದ್ದೆಲ್ಲ ಬಹುಮಟ್ಟಿಗೆ ಆತಿಥೇಯನಿಗೆ ಹೇಳಿದ್ದು. ಅತಿಥಿಯನ್ನು ದೇವರೆಂದು ಕಾಣಬೇಕೆಂಬ ತೈತ್ತಿರೀಯ ಉಪನಿಷತ್ತಿನ ಉಪದೇಶ ಗೃಹಸ್ಥನಾಗಲಿರುವ ಶಿಷ್ಯನಿಗೆ ಸಂದದ್ದು. ಕಠೋಪನಿಷತ್ತಿನಲ್ಲಿ ನಚಿಕೇತ ಮೂರು ರಾತ್ರಿ ಊಟವಿಲ್ಲದೆ ಕಾದಾಗ ಅಪರಾಧ ತಟ್ಟಿದ್ದು ಮನೆಯೊಡೆಯನಾದ ಯಮನಿಗೆ, ವರ ಕೊಟ್ಟು ಅದನ್ನು ತೀರಿಸಿದವನೂ ಯಮನೇ. ಶತಪಥ ಬ್ರಾಹ್ಮಣ ದೇವಋಣ, ಋಷಿಋಣ, ಪಿತೃಋಣಗಳ ಜೊತೆಗೆ ಮನುಷ್ಯಋಣವೊಂದನ್ನು ಹೇಳಿ, ಬಂದವರಿಗೆ ಇರಲು ಎಡೆ, ಉಣ್ಣಲು ಅನ್ನ ಕೊಡುವುದರಿಂದ ಅದು ತೀರುತ್ತದೆ ಎನ್ನುತ್ತದೆ. ಹನ್ನೆರಡನೆಯ ಶತಮಾನದ ಶರಣರು ಸಂಚರಿಸುವ ಜಂಗಮನನ್ನು ಲಿಂಗಸ್ವರೂಪವೆಂದು ತಿಳಿದು ದಾಸೋಹ ನಡೆಸಿದಾಗಲೂ ಮಾತು ಮನೆಯವರ ಕರ್ತವ್ಯದ್ದೇ. ಹಾಗಾದರೆ ಬಂದುಹೋಗುವವನ ಕರ್ತವ್ಯವನ್ನು ವಿವರವಾಗಿ ಆಲೋಚಿಸಿದ್ದು ಎಲ್ಲಿ ಎಂದು ಕೇಳಿದರೆ, ಸದಾ ಅತಿಥಿಯಾಗಿಯೇ ಬದುಕುವವನ ನಿಯಮಗಳಲ್ಲಿ, ಎಂದರೆ ಯತಿಧರ್ಮದಲ್ಲಿ ಎಂಬ ಉತ್ತರ ದೊರೆಯುತ್ತದೆ.

ಮಳೆಗಾಲದ ಹೊರತು ಯತಿ ಒಂದೇ ಹಳ್ಳಿಯಲ್ಲಿ ಎರಡನೆಯ ರಾತ್ರಿ ತಂಗಬಾರದೆಂದು ಗೌತಮ ಧರ್ಮಸೂತ್ರ ವಿಧಿಸುತ್ತದೆ. ಇದರ ಉದ್ದೇಶ ಯತಿಯಲ್ಲಿ ಊರಿನ ಮೋಹ ಬೆಳೆಯದಿರಲಿ ಎಂಬುದಷ್ಟೇ ಆಗಿದ್ದರೆ ನಿಯಮ ಅಲ್ಲಿಗೇ ಮುಗಿಯಬಹುದಿತ್ತು. ಅದರ ಜೊತೆಗೆ ಮಾಧುಕರಿ ಎಂಬ ಭಿಕ್ಷಾಕ್ರಮವೂ ಇದೆ. ಜೇನುಹುಳು ಹೂವನ್ನು ನೋಯಿಸದೆ ಹಲವು ಹೂಗಳಿಂದ ತುಸುತುಸುವೇ ಹೀರುವಂತೆ, ಯಾವ ಮನೆಗೂ ಭಾರವಾಗದ ಹಾಗೆ ಹಲವು ಮನೆಗಳಿಂದ ಸ್ವಲ್ಪಸ್ವಲ್ಪವೇ ಬೇಡಿ ತರುವುದು ಮಾಧುಕರಿ; ಬೌದ್ಧರ ಧಮ್ಮಪದಕ್ಕೂ ಜೈನರ ದಶವೈಕಾಲಿಕ ಸೂತ್ರಕ್ಕೂ ಈ ಹೋಲಿಕೆ ಪರಿಚಿತ. ಮಳೆಗಾಲದಲ್ಲಿ ಒಂದೆಡೆ ನಿಲ್ಲುವ ಚಾತುರ್ಮಾಸ್ಯಕ್ಕೂ ಕಾರಣ ಇದೇ ಜಾತಿಯದು: ಆಗತಾನೇ ಚಿಗುರಿದ ಹುಲ್ಲು, ಹುಟ್ಟಿದ ಹುಳುಹುಪ್ಪಟೆಗಳು ನಡೆಯುವವನ ಕಾಲಡಿಗೆ ಸಿಕ್ಕಬಾರದು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯಬಾರದೆಂಬ ಇಂದಿನ ಕಟ್ಟಳೆ ಮೀನಿನ ಸಂತತಿ ಬೆಳೆಯಲೆಂದು ಆದದ್ದು. ಸಂಚಾರಿ ತನ್ನ ಸಂಚಾರದ ಭಾರವನ್ನು ತಾನೇ ಅಳೆದುಕೊಂಡು ಕೆಲಕಾಲ ನಿಲ್ಲಬೇಕೆಂಬ ವಿವೇಕ ಎರಡರಲ್ಲೂ ಒಂದೇ. ಇಂದಿನ ಹಗಲು ಪ್ರವಾಸಿಗೆ ಯತಿಯ ಅಲ್ಪಾವಧಿ ದಕ್ಕಿದೆ, ಯತಿಯ ವ್ರತ ದಕ್ಕಿಲ್ಲ.

ಬಂದುಹೋದವನನ್ನು ನೆಲೆಸಿದವರು ಹೇಗೆ ಕಾಣುತ್ತಾರೆ ಎಂಬುದನ್ನು ಅರಿಯಲು ಕಡಲು ಬಿಟ್ಟು ಕೊಡಗಿನ ತಿತಿಮತಿಗೆ ಬರಬೇಕು. ಹುಣಸೂರಿನಿಂದ ಗೋಣಿಕೊಪ್ಪಲಿಗೆ ಹೋಗುವ ದಾರಿಯಲ್ಲಿ, ನಾಗರಹೊಳೆ ಕಾಡಿನ ಅಂಚಿನಲ್ಲಿ ಇರುವ ಈ ಊರನ್ನು ಬಹುತೇಕ ಪ್ರವಾಸಿಗಳು ಹಾದುಹೋಗುತ್ತಾರೆ. ಕೆಲವರು ಸಮೀಪದ ಮತ್ತಿಗೋಡು ಆನೆ ಶಿಬಿರದಲ್ಲಿ ಇಳಿದು, 2020ರಿಂದ ಮೈಸೂರು ದಸರೆಯ ಚಿನ್ನದ ಅಂಬಾರಿ ಹೊರುತ್ತಿರುವ ಅಭಿಮನ್ಯುವಿನ ತಾಣವನ್ನು ನೋಡಿ ಮುಂದೆ ಸಾಗುತ್ತಾರೆ. ಆ ಆನೆಗಳನ್ನು ಪಳಗಿಸಿ ಸಾಕುವ ಮಾವುತರು, ಕಾವಾಡಿಗಳಲ್ಲಿ ಬಹಳ ಮಂದಿ ಜೇನುಕುರುಬರು. ಕಾಡಿನೊಳಗೆ ಜೇನು, ಗೆಡ್ಡೆಗೆಣಸು ಅರಸಿ ಬದುಕುತ್ತಿದ್ದ ಈ ಜನ, 1955ರಲ್ಲಿ ವನ್ಯಧಾಮವಾದ ನಾಗರಹೊಳೆಯಲ್ಲಿ ಕಟ್ಟುನಿಟ್ಟು ಬಿಗಿಯಾದಂತೆ ಹಲವು ಹಾಡಿಗಳನ್ನು, ಅಂದರೆ ಕಾಡಿನೊಳಗಿನ ತಮ್ಮ ವಸತಿಗಳನ್ನು, ತೊರೆಯಬೇಕಾಯಿತು. ಅನೇಕರು ಇನ್ನೊಂದು ಬುಡಕಟ್ಟಿನವರಾದ ಯರವರೊಂದಿಗೆ ಕಾಫಿ ತೋಟಗಳ ಲೈನ್‌ಮನೆಗಳಲ್ಲಿ ಕೂಲಿಗೆ ನಿಂತರು.

ತಿತಿಮತಿಯ ಹತ್ತಿರದ ದೇವರಪುರದಲ್ಲಿ ಮೇ ತಿಂಗಳಿನಲ್ಲಿ ಇವರು ನಡೆಸುವ ಕುಂಡೆ ಹಬ್ಬ ಈ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಅಲ್ಲಿಯ ಐತಿಹ್ಯದ ಪ್ರಕಾರ ಅಯ್ಯಪ್ಪ ದೇವರು ಈ ಜನರನ್ನು ಕಾಡಿಗೆ ಕರೆತಂದು, ಅಲ್ಲಿ ಭದ್ರಕಾಳಿಯನ್ನು ಕಂಡು ಮೋಹಗೊಂಡು, ನಂಬಿ ಬಂದವರನ್ನು ಮರೆತು ಅವಳ ಜೊತೆ ಹೊರಟುಹೋದ. ಆ ಸಿಟ್ಟನ್ನು ಜನ ಇಂದಿಗೂ ಇಟ್ಟುಕೊಂಡಿದ್ದಾರೆ. ಹಬ್ಬದ ದಿನ ಗಂಡಸರು ಸೀರೆಯುಟ್ಟು, ಮುಖಕ್ಕೆ ಬಣ್ಣ ಬಳಿದು, ಚಿತ್ರವಿಚಿತ್ರ ವೇಷ ಹಾಕಿ, ಕೈಗೆ ಸಿಕ್ಕ ಡಬ್ಬ, ಪ್ಲಾಸ್ಟಿಕ್ ಕೊಡಗಳನ್ನು ಬಡಿಯುತ್ತ ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗುತ್ತಾರೆ, ರಸ್ತೆಯಲ್ಲಿ ವಾಹನ ತಡೆದು ಕಾಸು ಕೇಳುತ್ತಾರೆ, ಎದುರು ಸಿಕ್ಕವರನ್ನೂ ದೇವರನ್ನೂ ಬಾಯಿತುಂಬ ಬೈಯುತ್ತಾರೆ; ಕೊನೆಗೆ ದೇವರಪುರದ ಗುಡಿಯಲ್ಲಿ ನೆರೆದು, ಕುಣಿದು, ಕಾಣಿಕೆ ಹಾಕಿ, ತಪ್ಪಾಯಿತೆಂದು ಕೈಮುಗಿಯುತ್ತಾರೆ. ವರ್ಷವಿಡೀ ತೋಟದಲ್ಲಿ ತಲೆತಗ್ಗಿಸಿ ದುಡಿಯುವವರಿಗೆ ಈ ಒಂದು ದಿನ ಧಣಿಯೂ ದೇವರೂ ಕೇಳಿಸಿಕೊಳ್ಳಲೇಬೇಕಾದ ಮಾತನಾಡುವ ದಿನ.

ಇದನ್ನು ಅಶ್ಲೀಲದ ಹಬ್ಬವೆಂದು ಕರೆದು ಮುಗಿಸುವವರು ಅದರೊಳಗಿನ ತತ್ತ್ವವನ್ನು ಕಾಣುವುದಿಲ್ಲ. ಬಂದು, ನಂಬಿಸಿ, ಬಿಟ್ಟುಹೋದವನು ದೇವರೇ ಆದರೂ ಬಿಟ್ಟುಹೋದದ್ದಕ್ಕೆ ಉತ್ತರ ಹೇಳಬೇಕು ಎಂಬುದು ಈ ಆಚರಣೆಯ ಸಾರ. ಹೊರಟುಹೋಗುವುದರಿಂದ ಸಂಬಂಧ ಹರಿಯುವುದಿಲ್ಲ, ಹರಿದಿದ್ದರೆ ಬೈಗುಳಕ್ಕೂ ಎಡೆಯಿರುತ್ತಿರಲಿಲ್ಲ. ಬೈಯುವವನು ಎದುರಿಗಿರುವವನನ್ನು ಇನ್ನೂ ತನ್ನವನೆಂದೇ ಎಣಿಸುತ್ತಾನೆ. ಶಾಸ್ತ್ರಗಳು ಆತಿಥೇಯನಿಗಷ್ಟೇ ಹೇಳಿ ಬಿಟ್ಟ ಋಣದ ಇನ್ನೊಂದು ಮಗ್ಗುಲನ್ನು, ಗ್ರಂಥವಿಲ್ಲದ ಈ ಜನ ವರ್ಷಕ್ಕೊಮ್ಮೆ ಬಾಯಿಬಿಟ್ಟು ಹೇಳುತ್ತಾರೆ.

ಇದಕ್ಕೆ ವೇದಾಂತದ ಕಡೆಯಿಂದ ಒಂದು ಆಕ್ಷೇಪ ಬರಬಹುದು: ಜೀವನೇ ಈ ದೇಹದಲ್ಲಿ ಕೆಲವು ದಿನ ತಂಗಿ ಹೋಗುವವನಾಗಿರುವಾಗ, ಊರೂ ನೆಲವೂ ನಿತ್ಯವಲ್ಲದಿರುವಾಗ, ಹಾದುಹೋಗುವವನಿಗೆ ಋಣದ ಮಾತೇಕೆ? ಆದರೆ ಜಗತ್ತು ಸತ್ಯವೆಂದು ಸಾಧಿಸಿದ ಮಧ್ವರ ಮತದಲ್ಲಿ ಋಣವೂ ಸತ್ಯವೇ. ಜಗತ್ತಿಗೆ ವ್ಯಾವಹಾರಿಕ ಸತ್ತೆಯನ್ನು, ಅಂದರೆ ಜ್ಞಾನ ಉದಯಿಸುವವರೆಗೆ ನಿಲ್ಲುವ ಇರವನ್ನು, ಒಪ್ಪುವ ಶಂಕರರ ಮತದಲ್ಲಿಯೂ ಆ ಮಟ್ಟದ ಕರ್ತವ್ಯಗಳು ಬಿಟ್ಟುಹೋಗುವುದಿಲ್ಲ. ಅನಿತ್ಯತೆ ವೈರಾಗ್ಯಕ್ಕೆ ಕಾರಣವಾಗಬಹುದು, ಉಪೇಕ್ಷೆಗೆ ನೆಪವಾಗಲಾರದು. ಬಸ್ಸಿನ ದರ, ಪ್ರವೇಶಶುಲ್ಕ, ಬಂದರಿನ ಸುಂಕಗಳನ್ನು ಕೊಟ್ಟ ಮೇಲೆ ಲೆಕ್ಕ ಚುಕ್ತಾ ಆಯಿತೆಂಬ ವಾದವೂ ನಿಲ್ಲುವುದಿಲ್ಲ. ಹಣ ಬೆಲೆಯನ್ನು ತೀರಿಸುತ್ತದೆ, ಶತಮಾನಗಳಿಂದ ಬಸದಿಯನ್ನು ಕಾಯ್ದವರಿಗೂ, ಆನೆ ಸಾಕಿದವರಿಗೂ, ಕಾಡನ್ನು ತೊರೆದವರಿಗೂ ಸಲ್ಲಬೇಕಾದುದನ್ನು ತೀರಿಸುವುದಿಲ್ಲ.

ತಂಗುವ ಕಾಲ ಕಡಿಮೆಯಾದಂತೆ ಋಣ ಕಡಿಮೆಯಾಗುವುದಿಲ್ಲ, ಅದನ್ನು ತೀರಿಸಲು ಸಿಗುವ ಕಾಲ ಮಾತ್ರ ಕಡಿಮೆಯಾಗುತ್ತದೆ. ಆದ್ದರಿಂದ ಒಂದು ಹಗಲಿಗೆ ಇಳಿಯುವವರು, ಅವರು ಹಡಗಿನಿಂದ ಪಣಂಬೂರಿಗೆ ಇಳಿದವರಾಗಲಿ, ಕಾರಿನಿಂದ ತಿತಿಮತಿಗೆ ಇಳಿದವರಾಗಲಿ, ಯತಿಯಂತೆ ಮಿತವಾಗಿ ಪಡೆಯಬೇಕು. ಮಲ್ಪೆಯ ನಾವಿಕನಂತೆ ಊರವರು ಕೇಳಿದ್ದನ್ನು ಕೊಡಬೇಕು. ದೇವರಪುರದ ಹಾದಿಯಲ್ಲಿ ಯಾರಾದರೂ ತಡೆದು ಬೈದರೆ ಮುನಿಯದೆ ನಿಂತು ಕೇಳಿಸಿಕೊಳ್ಳಬೇಕು. ಸ್ವತಃ ದೇವರೇ ಕೇಳಿಸಿಕೊಳ್ಳುವ ಮಾತನ್ನು ಕೇಳದೆ ಹೋಗುವ ಅಧಿಕಾರ ಯಾವ ಪ್ರವಾಸಿಗೂ ಇಲ್ಲ.