ಸೆರೆಮನೆಯ ಶಿಶುವಿಗೆ ಸೂತಕವಿಲ್ಲ



ಕೂಸು ಹುಟ್ಟಿದ ಮನೆಯನ್ನು ಕೆಲವು ದಿನಗಳವರೆಗೆ ಮೈಲಿಗೆಯೆಂದೆಣಿಸಿ ದೂರವಿಡುತ್ತಿದ್ದ ಲೋಕದಲ್ಲಿ, ಲಿಂಗವಂತರಿಗೆ ಜನನಸೂತಕವಿಲ್ಲವೆಂದು ಶರಣರು ಸಾರಿದರು. ತಾಯಿಯ ಗರ್ಭದಲ್ಲಿರುವಾಗಲೇ ಶಿಶುವಿಗೆ ಲಿಂಗಸಂಸ್ಕಾರವನ್ನು ವಿಧಿಸಿರುವುದೂ ನಮ್ಮ ಆಚಾರದಲ್ಲಿ ಉಂಟು. ಇದರ ತಾತ್ಪರ್ಯವೇನು? ಜೀವವು ಎಲ್ಲಿ ಹುಟ್ಟಿತು, ಯಾರ ಹೊಟ್ಟೆಯಲ್ಲಿ ಹುಟ್ಟಿತು ಎಂಬುದರಿಂದ ಅದಕ್ಕೆ ಕಳಂಕ ತಟ್ಟಲಾರದೆಂಬುದೇ ಅಲ್ಲವೆ? ಬಾಯಿಂದ ಇದನ್ನು ಒಪ್ಪದವರು ನಮ್ಮಲ್ಲಿ ಯಾರೂ ಇಲ್ಲ. ನಡೆಯಲ್ಲಿ ಇದು ನಿಂತಿದೆಯೋ ಇಲ್ಲವೋ ಎಂಬುದನ್ನು ಒರೆಗೆ ಹಚ್ಚಿ ನೋಡುವುದಕ್ಕಾಗಿ, ತಾಯಂದಿರೊಡನೆ ಸೆರೆಮನೆಯಲ್ಲಿ ಬೆಳೆಯುವ ಮಕ್ಕಳ ವಿಷಯವನ್ನು ಇಂದು ನಿಮ್ಮ ಮುಂದಿಡುತ್ತೇವೆ.

ನಮ್ಮ ದೇಶದ ೨೦೧೫ರ ಬಾಲನ್ಯಾಯ ಕಾಯಿದೆಯು, ೧೮ ವರ್ಷ ತುಂಬದವರು ಅಪರಾಧದ ಆಪಾದನೆಗೆ ಒಳಗಾದರೂ ಅವರನ್ನು ಪೊಲೀಸ್ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡಕೂಡದೆಂದು ವಿಧಿಸಿದೆ. ಹೀಗಿದ್ದರೂ ಯಾವ ಆಪಾದನೆಯೂ ಇಲ್ಲದ ಹಸುಳೆಗಳು ಜೈಲಿನ ಗೋಡೆಗಳ ಒಳಗೆ ಇರುವುದುಂಟು. ತಾಯಿಗೆ ಶಿಕ್ಷೆಯಾಗಿದೆ, ಇಲ್ಲವೆ ಆಕೆಯ ವಿಚಾರಣೆ ಇನ್ನೂ ಮುಗಿದಿಲ್ಲ. ಮೊಲೆಯುಣ್ಣುವ ಕೂಸನ್ನು ಆಕೆಯಿಂದ ಅಗಲಿಸುವುದು ಕ್ರೌರ್ಯ; ಗೋಡೆಗಳ ನಡುವೆ ಬೆಳೆಸುವುದೂ ಕ್ರೌರ್ಯವೇ. ಎರಡರಲ್ಲಿ ಕಡಿಮೆಯಾದುದನ್ನು ಆರಿಸಿಕೊಂಡು, ಆರು ವರ್ಷದವರೆಗೆ ಮಗುವು ತಾಯಿಯೊಡನೆ ಇರಬಹುದೆಂದು ಒಪ್ಪಲಾಗಿದೆ.

ಈ ಮಕ್ಕಳ ಸ್ಥಿತಿಯನ್ನು ಭಾರತದ ಸರ್ವೋಚ್ಚ ನ್ಯಾಯಾಲಯವು ಆರ್. ಡಿ. ಉಪಾಧ್ಯಾಯ ಎಂಬವರ ಮೊಕದ್ದಮೆಯಲ್ಲಿ ವಿಚಾರಿಸಿ, ೨೦೦೬ನೆಯ ಇಸವಿಯ ಏಪ್ರಿಲಿನಲ್ಲಿ ತೀರ್ಪಿತ್ತಿತು. ಜೈಲಿನಲ್ಲಿ ಹುಟ್ಟಿ ಬೆಳೆದ ಮಗುವಿಗೆ ಸಂಸಾರವೆಂದರೇನೆಂಬುದೇ ತಿಳಿಯದು. ಹೆಂಗಸರ ನಡುವೆಯೇ ಬೆಳೆದ ಗಂಡುಮಗುವು ಹೆಣ್ಣಿನ ಮಾತಿನ ರೀತಿಯಲ್ಲೇ ಮಾತನಾಡುವುದುಂಟು. ಬೀದಿಯ ಪ್ರಾಣಿಯನ್ನು ಕಂಡರೆ ಅದು ಬೆದರುತ್ತದೆ ಎಂಬ ಸಂಗತಿಗಳು ಆಗ ನ್ಯಾಯಾಲಯದ ಮುಂದೆ ಬಂದುವು. ತೀರ್ಪಿನಲ್ಲಿ ಹೇಳಿದುದಿಷ್ಟು: ತಾಯಿಯೊಡನೆ ಇರುವ ಮಗುವನ್ನು ಕೈದಿಯೆಂದು ಎಣಿಸತಕ್ಕದ್ದಲ್ಲ. ಅನ್ನ, ಬಟ್ಟೆ, ಔಷಧ, ವಿದ್ಯೆ, ಆಟಪಾಟಗಳು ಅದಕ್ಕೆ ಹಕ್ಕಿನಿಂದ ಸಲ್ಲತಕ್ಕವು, ದಯೆಯಿಂದಲ್ಲ. ಸಾಧ್ಯವಾದಾಗಲೆಲ್ಲ ಹೆರಿಗೆಯು ಜೈಲಿನ ಹೊರಗೆ ಆಗಬೇಕು. ಒಳಗೇ ಆದರೂ ಜನನದ ದಾಖಲೆಯಲ್ಲಿ ಹುಟ್ಟಿದ ಸ್ಥಳವು ಸೆರೆಮನೆಯೆಂದು ಬರೆಯಕೂಡದು. ಆ ಬಡಾವಣೆಯ ಹೆಸರನ್ನು ಮಾತ್ರ ಬರೆಯಬೇಕು. ಮಗುವಿನ ನಾಮಕರಣಕ್ಕೂ ಆದಷ್ಟು ಅನುಕೂಲ ಮಾಡಿಕೊಡಬೇಕು.

ಬಂಧುಗಳೆ, ಈ ಕೊನೆಯ ಎರಡು ಮಾತುಗಳನ್ನು ಮನಸ್ಸಿಟ್ಟು ಆಲೋಚಿಸಿರಿ. ನ್ಯಾಯಾಧೀಶರು ಸೂತಕವೆಂಬ ಶಬ್ದವನ್ನು ಆಡಲಿಲ್ಲ. ಆದರೂ ಜನನದ ಸ್ಥಳದಿಂದ ಅಂಟುವ ಸೂತಕವನ್ನು ಕಾಗದದಿಂದ ಅಳಿಸಿದರು. ಅಳಿಸಿದುದನ್ನು ಮತ್ತೆ ಬರೆಯುವವರು ಯಾರು? ನಾವೇ. ‘ಜೈಲಿನಲ್ಲಿ ಹುಟ್ಟಿದ್ದು’ ಎಂದು ಓಣಿಯಲ್ಲಿ ಒಬ್ಬಳು ಪಿಸುಗುಟ್ಟಿದರೆ ಸಾಕು. ದಾಖಲೆಯಲ್ಲಿ ಇಲ್ಲದ ಅಕ್ಷರಗಳು ಆ ಮಗುವಿನ ಹಣೆಯ ಮೇಲೆ ಮೂಡುತ್ತವೆ. ಪಾಟಿಚೀಲವನ್ನು ಹೊತ್ತು ಶಾಲೆಗೆ ಹೋದರೆ, ಪಕ್ಕದಲ್ಲಿ ಕುಳ್ಳಿರಬೇಡವೆಂದು ತಮ್ಮ ಮಕ್ಕಳಿಗೆ ಹೇಳಿಕೊಡುವವರೂ ಇದ್ದಾರೆ. ಹಣೆಗೆ ವಿಭೂತಿಯನ್ನು ಧರಿಸಿದವರ ಮನೆಯಿಂದಲೇ ಈ ಮಾತು ಹೊರಟರೆ, ಅವರು ಮೀರಿದುದು ಕಾನೂನಿನ ಆಶಯವನ್ನಷ್ಟೇ ಅಲ್ಲ, ತಮ್ಮ ಧರ್ಮವನ್ನೂ ಹೌದು.

ಕೆಲವರು ಕೇಳುವುದುಂಟು: ಆ ಮಗುವಿನ ಪೂರ್ವಕರ್ಮ ಹಾಗಿದ್ದುದರಿಂದಲೇ ಅಲ್ಲವೆ ಅಲ್ಲಿ ಹುಟ್ಟಿದುದು? ಅವರಿಗೆ ನಮ್ಮ ಉತ್ತರವಿದು. ದೀಕ್ಷೆಯನ್ನು ಪಡೆದು ಭಕ್ತನಾದವನ ಪೂರ್ವಾಶ್ರಯವನ್ನು ವಿಚಾರಿಸಬಾರದೆಂಬುದು ಶರಣರ ಕಟ್ಟಳೆ. ಕಳ್ಳತನದಿಂದ ಬದುಕುತ್ತಿದ್ದ ಪೆದ್ದಣ್ಣನು ಗುರುಕೃಪೆಯಿಂದ ಉರಿಲಿಂಗಪೆದ್ದಿಯಾಗಿ ವಚನಗಳನ್ನು ರಚಿಸಿದನೆಂದು ಪರಂಪರೆಯು ಹೇಳುತ್ತದೆ. ಬೆಳೆದು ಬಾಳಿ ತಪ್ಪುಮಾಡಿದವನ ಹಿಂದಿನದನ್ನೇ ಕೆದಕಬಾರದೆಂದ ಮೇಲೆ, ಹಿಂದು ಎಂಬುದೇ ಇಲ್ಲದ ಹಸುಳೆಯ ಹಿಂದನ್ನು ಹುಡುಕುವುದು ಯಾವ ನ್ಯಾಯ? ತಾಯಿಯ ತಪ್ಪನ್ನು ತೂಗುವುದಕ್ಕೆ ನ್ಯಾಯಾಲಯವಿದೆ. ಮಗುವನ್ನು ತೂಗುವುದಕ್ಕೆ ಯಾರಿಗೂ ಅಧಿಕಾರವಿಲ್ಲ.

ಹಾಗಾದರೆ ನಾವು ಮಾಡತಕ್ಕದ್ದೇನು? ಆರು ವರ್ಷ ತುಂಬಿದ ದಿನ ಆ ಮಗುವಿನ ಬಾಳಿನಲ್ಲಿ ಅತಿ ಕಠಿಣವಾದ ದಿನ. ಅಂದು ತಾಯಿಯನ್ನು ಬಿಟ್ಟು ಹೊರಗೆ ಬರಬೇಕು. ತಾಯಿಯು ಒಪ್ಪಿದ ಬಂಧುವಿನ ಕೈಗೆ, ಇಲ್ಲವೆ ಸರಕಾರದ ಮಕ್ಕಳ ಮಂದಿರಕ್ಕೆ ಅದನ್ನು ಒಪ್ಪಿಸುತ್ತಾರೆ. ಬಂಧುಗಳು ಅನೇಕ ಸಲ ಹಿಂಜರಿಯುವುದು ಬಡತನಕ್ಕಿಂತ ಹೆಚ್ಚಾಗಿ ನೆರೆಹೊರೆಯವರ ಬಾಯಿಗೆ ಹೆದರಿ. ಆ ಹೆದರಿಕೆಯನ್ನು ಬಿಡಿಸುವುದು ನೆರೆಹೊರೆಯವರಾದ ನಿಮ್ಮ ಕೈಯಲ್ಲಿದೆ. ೨೦೦೯ರ ಶಿಕ್ಷಣಹಕ್ಕಿನ ಕಾಯಿದೆಯ ಪ್ರಕಾರ ೬ರಿಂದ ೧೪ ವರ್ಷದ ಪ್ರತಿಯೊಂದು ಮಗುವಿಗೂ ಉಚಿತ ಶಿಕ್ಷಣ ಸಲ್ಲಬೇಕು. ಸೆರೆಮನೆಯ ಬಾಗಿಲು ಹಿಂದೆ ಮುಚ್ಚುವ ವಯಸ್ಸಿನಲ್ಲಿಯೇ ಶಾಲೆಯ ಬಾಗಿಲು ಮುಂದೆ ತೆರೆಯತಕ್ಕದ್ದು. ಆ ಬಾಗಿಲಲ್ಲಿ ನಿಂತು ತಾಯಿಯ ಚರಿತ್ರೆಯನ್ನು ಕೇಳುವವರು ಇರಬಾರದು.

ಮಂದಿರದಲ್ಲಿರುವ ಮಗುವು ವಾರಕ್ಕೊಮ್ಮೆಯಾದರೂ ತಾಯಿಯನ್ನು ಕಾಣಬೇಕೆಂದು ಅದೇ ತೀರ್ಪು ಹೇಳಿದೆ. ಬಂಧುವಿನ ಮನೆಯಲ್ಲಿ ಬೆಳೆಯುವ ಮಗುವಿಗೂ ತಾಯಿಯ ಮುಖ ಬೇಕಲ್ಲವೆ? ಬಸ್ಸಿನ ಖರ್ಚಿಗೆ ಹಣವಿಲ್ಲದೆ, ಕರೆದೊಯ್ಯುವವರಿಲ್ಲದೆ ಆ ಭೇಟಿ ತಪ್ಪಬಾರದು. ಇನ್ನು ಕೆಲವು ತಾಯಂದಿರು ಒಳಗಿರುವುದು ಶಿಕ್ಷೆಯಾದುದರಿಂದಲ್ಲ, ಜಾಮೀನಿಗೆ ನಿಲ್ಲುವವರು ಇಲ್ಲದುದರಿಂದ. ಸ್ತ್ರೀಯರಿಗೂ ಬಂಧನದಲ್ಲಿರುವವರಿಗೂ ಉಚಿತವಾಗಿ ವಕೀಲರನ್ನು ಒದಗಿಸುವುದಕ್ಕೆ ಪ್ರತಿ ಜಿಲ್ಲೆಯಲ್ಲಿಯೂ ಕಾನೂನು ಸೇವಾ ಪ್ರಾಧಿಕಾರವಿದೆ. ಬಡ ಮನೆಯವರನ್ನು ಅಲ್ಲಿಯವರೆಗೆ ಕರೆದೊಯ್ಯುವುದು ಒಂದು ದಿನದ ಕೆಲಸ. ಆ ಒಂದು ದಿನದಿಂದ ಒಂದು ಮಗುವು ವರುಷಗಳ ಸೆರೆಯಿಂದ ಪಾರಾಗಬಹುದು.

ನಾಮಕರಣದ ಮಾತನ್ನೂ ಮರೆಯಬಾರದು. ಒಳಗಿರುವ ತಾಯಿಯು ಬಯಸಿದರೆ, ಅಧಿಕಾರಿಗಳ ಅನುಮತಿಯನ್ನು ಪಡೆದು ಆ ಕೂಸಿಗೆ ಹೆಸರಿಟ್ಟು ಹರಸಿ ಬರುವುದು ಜಂಗಮನಿಗೆ ಸಲ್ಲುವ ಕಾಯಕ. ಆ ತೊಟ್ಟಿಲ ಬಳಿಗೆ ಹೋಗಲು ಹಿಂಜರಿದ ಜಂಗಮನು ಜಂಗಮನೆನಿಸಲಾರನು.

ದಾಸೋಹವೆಂದರೆ ಮಿಕ್ಕುದನ್ನು ನೀಡುವುದಲ್ಲ. ಪಡೆಯುವವನು ಶಿವನೆಂದು ತಿಳಿದು, ತಾನು ಕಿಂಕರನಾಗಿ ಅರ್ಪಿಸುವುದು. ಆ ಮಕ್ಕಳಿಗೆ ನಾವು ಮಾಡುವುದು ಉಪಕಾರವಲ್ಲ, ಅವರಿಗೆ ಸಲ್ಲತಕ್ಕದ್ದನ್ನು ಸಲ್ಲಿಸುವುದು. ಈ ಅರಿವು ನಿಮ್ಮೆಲ್ಲರ ನಡೆಯಲ್ಲಿ ನೆಲೆಗೊಳ್ಳಲೆಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.

ಸರ್ವರಿಗೂ ಸನ್ಮಂಗಳವಾಗಲಿ.