ನಿಯಮವೋ, ಯಮವೋ?

ಮದ್ಯವನ್ನು ತೊರೆದು 12 ವರ್ಷಗಳು ಸಂದ ಅರಕಲಗೂಡು ಕಡೆಯ ಶ್ರಾವಕರೊಬ್ಬರು ಈಗಲೂ ಪ್ರತಿ ಪ್ರಾತಃಕಾಲ ಬಸದಿಯಲ್ಲಿ ಆ ಒಂದು ದಿನಕ್ಕಷ್ಟೇ ಪ್ರತ್ಯಾಖ್ಯಾನ ಮಾಡುತ್ತಾರೆ. ‘ಯಾವಜ್ಜೀವವೇಕಲ್ಲ?’ ಎಂದೆ. ‘ಮೇಷ್ಟ್ರೇ, ಹಾಗೆ ಮೂರು ಸಲ ಕೊಂಡು ಮುರಿದೆ; ದಿನದ ಮಾತನ್ನು ಮುರಿದಿಲ್ಲ’ ಎಂದರು.

ಕಾಲಮಿತಿಯುಳ್ಳದ್ದು ನಿಯಮ, ಜೀವಾವಧಿಯದು ಯಮ ಎಂಬುದು ಸಮಂತಭದ್ರಾಚಾರ್ಯರ ವಿಭಾಗ. ಮದ್ಯತ್ಯಾಗವಾದರೋ ಅಷ್ಟಮೂಲಗುಣಗಳಲ್ಲೊಂದು, ಅದಕ್ಕೆ ಗಡುವು ಸಲ್ಲುವುದೇ? ನಾಳೆ ಕುಡಿಯುವೆನೆಂಬ ಆಶೆಯಿಂದ ಹಾಕಿದ ಗಡುವು ದೋಷ; ನಾಳೆಯೂ ತೊರೆಯುವ ಸಂಕಲ್ಪದಿಂದ ಇಂದನ್ನು ಕಾಯುವುದು ತನ್ನ ದೌರ್ಬಲ್ಯವನ್ನು ಅರಿತವನ ಎಚ್ಚರ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗವೂ ಅಂದಂದಿನ ದಿನವನ್ನು ಅಂದಂದೇ ಗೆಲ್ಲುವ ಕ್ರಮವನ್ನೇ ಹಿಡಿದಿದೆ.

ನಮ್ಮ ಪಾಲಿನದು ಸ್ಥಿತಿಕರಣ, ಉಪಗೂಹನ. ಮದುವೆಯ ಮನೆಯಲ್ಲಿ ಅವರ ಹಳೆಯ ಕಥೆಯನ್ನು ಎತ್ತದಿರೋಣ. ಒಂದು ಮಾತೂ ವ್ರತಿಯನ್ನು ಜಾರಿಸೀತು.